ಗಿರೆಲ್ಲಿ ನೋಡಿ ಹೆಡರ್ ಕಲಿಯೋದು ಹೇಗೆ?

ಹೆಡರ್ ಅಂದ್ರೆ ಚೆಂಡನ್ನು ತಲೆಯಿಂದ ಹೊಡೆಯೋದು. ಇಟಲಿಯ ಫುಟ್‌ಬಾಲ್ ಆಟಗಾರ್ತಿ ಕ್ರಿಸ್ಟಿಯಾನಾ ಗಿರೆಲ್ಲಿ ಅವರ ವಿಡಿಯೊ ನೋಡುವಾಗ ಚೆಂಡಿನ ಹಿಂದೆ ಹೋಗಬೇಡಿ, ಅವರ ಕಾಲು ನೋಡಿ. 2023ರ ಮಹಿಳಾ ವಿಶ್ವಕಪ್‌ನ ಅರ್ಜೆಂಟೀನಾ ಪಂದ್ಯದಿಂದ ಶುರು ಮಾಡಿ. 83ನೇ ನಿಮಿಷಕ್ಕೆ ಬದಲಿಯಾಗಿ ಇಳಿದವರು 87ನೇ ನಿಮಿಷದಲ್ಲಿ ಸಹ ಆಟಗಾರ್ತಿ ಬೊಆಟಿನ್ ಪಕ್ಕದಿಂದ ಹಾಕಿದ ಕ್ರಾಸ್‌ಗೆ ತಲೆ ಕೊಟ್ಟು ಪಂದ್ಯವನ್ನೇ ಗೆಲ್ಲಿಸಿದರು. ಕ್ರಾಸ್ ಬರುವ ಮೊದಲೇ ವಿಡಿಯೊ ನಿಲ್ಲಿಸಿ, ಅವರು ಎಲ್ಲಿದ್ದಾರೆ ಅಂತ ಗುರುತು ಮಾಡ್ಕೊಳ್ಳಿ.

ಆಮೇಲೆ 2025ರ ಮಹಿಳಾ ಯುರೋ (ಯುರೋಪ್ ಚಾಂಪಿಯನ್‌ಶಿಪ್) ಕ್ವಾರ್ಟರ್‌ಫೈನಲ್, ನಾರ್ವೆ ವಿರುದ್ಧ. 35 ವಯಸ್ಸಲ್ಲಿ ಎರಡು ಗೋಲು! 90ನೇ ನಿಮಿಷದ ಹೆಡರ್‌ನಿಂದಲೇ ಇಟಲಿ 1997ರ ನಂತರ ಮೊದಲ ಸಲ ಸೆಮಿಫೈನಲ್‌ಗೆ ಹೋಯಿತು. ನನಗೆ ತುಂಬಾ ಇಷ್ಟವಾದ ಗೋಲು ಅದು.

ಈಗ ಮೈದಾನಕ್ಕೆ ಇಳಿಯಿರಿ. ಗೆಳತಿಗೆ ಪಕ್ಕದಿಂದ ಕೈಯಲ್ಲೇ ಚೆಂಡು ಎಸೆಯೋಕೆ ಹೇಳಿ. ಕಣ್ಣು ಮುಚ್ಚಬೇಡಿ. ನೆತ್ತಿಯಿಂದ ಅಲ್ಲ, ಹಣೆಯಿಂದ ಹೊಡೆಯಿರಿ. ಜೋರು ಬೇಡ, ದಿಕ್ಕು ಸರಿಯಿದ್ರೆ ಸಾಕು.