ಎಲ್‌ಪಿಎನ್ ಲೈಸೆನ್ಸ್ ಕೈಗೆ ಬಂತು, ಮುಂದೆ ಯಾವ ಸರ್ಟಿಫಿಕೇಷನ್ ಮಾಡೋದು?

ಅಮೆರಿಕದಲ್ಲಿ ನರ್ಸಿಂಗ್ ಕೆಲಸಕ್ಕೆ ಬೇಗ ಸೇರಿಕೊಳ್ಳಬೇಕು ಅನ್ನುವವರು ಹಿಡಿಯುವ ದಾರಿ ಎಲ್‌ಪಿಎನ್, ಅಂದರೆ ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್. ಸುಮಾರು ಒಂದು ವರ್ಷದ ಕೋರ್ಸು, ಆಮೇಲೆ ಎನ್‌ಕ್ಲೆಕ್ಸ್-ಪಿಎನ್ ಅನ್ನುವ ಲೈಸೆನ್ಸ್ ಪರೀಕ್ಷೆ. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್‌ನಲ್ಲಿ ಇವರನ್ನೇ ಎಲ್‌ವಿಎನ್ ಅಂತಾರೆ. ಮದುವೆಯಾಗಿ ಅಲ್ಲಿಗೆ ಹೋಗಿ, ಕೆಲಸದ ಪರ್ಮಿಟ್ ಅಥವಾ ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಈ ಕೋರ್ಸಿಗೆ ಸೇರುವ ನಮ್ಮವರೂ ಇದ್ದಾರೆ.

ಲೈಸೆನ್ಸ್ ಬಂದ ಸ್ವಲ್ಪ ದಿನಕ್ಕೇ ಫೋನಿನಲ್ಲಿ ಜಾಹೀರಾತು ಶುರುವಾಗುತ್ತವೆ. ‘ಈ ಸರ್ಟಿಫಿಕೇಟ್ ಮಾಡಿ, ಸಂಬಳ ಏರಿಸಿಕೊಳ್ಳಿ’ ಅನ್ನುತ್ತವೆ. ಕೆಲವು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಕೆಲವು ಸುಮ್ನೆ ಗೋಡೆಗೆ ಹಾಕಿಕೊಳ್ಳುವ ಕಾಗದ. ಯಾವುದು ಯಾವುದು ಅಂತ ತಿಳಿಯಬೇಕಾದರೆ ಹುಡುಕುವ ಕ್ರಮ ಸರಿಯಿರಬೇಕು. ಮೊದಲು ನಿಮ್ಮ ರಾಜ್ಯದ ನಿಯಮ, ಆಮೇಲೆ ನೀವು ಕೆಲಸ ಮಾಡುವ ಜಾಗ, ಕೊನೆಗೆ ಪರೀಕ್ಷೆ. ತುಂಬಾ ಜನ ಇದನ್ನು ತಿರುವುಮುರುವು ಮಾಡಿ ದುಡ್ಡು ಕಳೆದುಕೊಳ್ಳುತ್ತಾರೆ.

ಕರ್ನಾಟಕದಲ್ಲೇ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ಹೋದವರು ಇನ್ನೂ ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಬೇಕು. ನಿಮಗೆ ನೇರವಾಗಿ ಆರ್‌ಎನ್, ಅಂದರೆ ಎಲ್‌ಪಿಎನ್‌ಗಿಂತ ಮೇಲಿನ ಹಂತದ ರಿಜಿಸ್ಟರ್ಡ್ ನರ್ಸ್ ಪರೀಕ್ಷೆಗೇ ಕೂರುವ ಅರ್ಹತೆ ಇರಬಹುದು. ರಾಜ್ಯದ ನರ್ಸಿಂಗ್ ಬೋರ್ಡನ್ನು ಕೇಳದೆ ಎಲ್‌ಪಿಎನ್ ಕೋರ್ಸಿಗೆ ಫೀಸು ಕಟ್ಟಬೇಡಿ.

ಮೊದಲು ಬೋರ್ಡಿನ ವೆಬ್‌ಸೈಟ್ ತೆರೆಯಿರಿ

ಎಲ್‌ಪಿಎನ್ ಏನು ಮಾಡಬಹುದು, ಏನು ಮಾಡಬಾರದು ಅನ್ನೋದನ್ನು ತೀರ್ಮಾನಿಸುವುದು ಆಯಾ ರಾಜ್ಯದ ನರ್ಸಿಂಗ್ ಕಾನೂನು. ಎಷ್ಟು ದೊಡ್ಡ ಸಂಸ್ಥೆಯ ಸರ್ಟಿಫಿಕೇಷನ್ ಇದ್ದರೂ ಆ ಗೆರೆ ಒಂದಿಂಚೂ ಅಲ್ಲಾಡುವುದಿಲ್ಲ. ಐವಿ, ಅಂದರೆ ರಕ್ತನಾಳದ ಮೂಲಕ ದ್ರವ, ಔಷಧಿ ಕೊಡುವ ವಿಷಯ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಐವಿ ಥೆರಪಿ ಮತ್ತು ರಕ್ತ ತೆಗೆಯುವುದು ಎರಡಕ್ಕೂ ಸೇರಿ 36 ಗಂಟೆಯ ಕೋರ್ಸ್ ಇದೆ. ರಾಜ್ಯ ಬೋರ್ಡ್ ಒಪ್ಪಿದ ಜಾಗದಲ್ಲೇ ಕಲಿಯಬೇಕು, ಬೋರ್ಡೇ ಸರ್ಟಿಫೈ ಮಾಡುತ್ತದೆ. ಅದಾದ ಮೇಲೆ ಎಲ್‌ವಿಎನ್ ಐವಿ ಹಾಕಬಹುದು, ಫ್ಲೂಯಿಡ್ ಏರಿಸಬಹುದು. ಐವಿ ಮೂಲಕ ಔಷಧಿ ಕೊಡುವುದಕ್ಕೆ ಮಾತ್ರ ಈ ಸರ್ಟಿಫಿಕೇಷನ್ ಸಾಲದು. ಫ್ಲೋರಿಡಾದಲ್ಲಿ 30 ಗಂಟೆಯ ಕೋರ್ಸು. ಸೆಂಟ್ರಲ್ ಲೈನ್ (ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೆ ಹೋಗುವ ನಳಿಕೆ) ಮುಟ್ಟಬೇಕಾದರೆ ಅದಕ್ಕೆ ಬೇರೆ ತರಬೇತಿ. ಟೆಕ್ಸಸ್‌ನಲ್ಲಿ ಬೋರ್ಡು ಇಷ್ಟೇ ಗಂಟೆ ಅಂತ ಹೇಳುವುದೇ ಇಲ್ಲ. ಕಲಿಸಿ, ಕೈ ಕುದುರಿದೆಯೇ ಎಂದು ನೋಡುವ ಹೊಣೆ ಕೆಲಸ ಕೊಟ್ಟವರ ಮೇಲೆ ಬೀಳುತ್ತದೆ. ಆದರೆ ತೋಳಿನಿಂದ ಹಾಕುವ ಸೆಂಟ್ರಲ್ ಲೈನ್ ಆದ ಪಿಕ್ ಲೈನ್ ಹಾಕುವ ಕೆಲಸ ಅಲ್ಲಿ ಎಲ್‌ವಿಎನ್‌ಗೆ ಇಲ್ಲವೇ ಇಲ್ಲ.

ಒಂದೇ ಕೆಲಸ, ಮೂರು ರಾಜ್ಯ, ಮೂರು ನಿಯಮ. ಹಾಗಿದ್ದಾಗ ‘ಎಲ್ಲ ರಾಜ್ಯಕ್ಕೂ ಸಲ್ಲುವ ಐವಿ ಸರ್ಟಿಫಿಕೇಟ್, ಮನೆಯಲ್ಲೇ ಕೂತು ಒಂದು ವಾರಾಂತ್ಯದಲ್ಲಿ’ ಅನ್ನುವ ಜಾಹೀರಾತನ್ನು ನಂಬೋದು ಹೇಗೆ? ಬೋರ್ಡಿನ ಸೈಟಿನಲ್ಲಿ ಎಲ್‌ಪಿಎನ್ ಸ್ಕೋಪ್ ಆಫ್ ಪ್ರಾಕ್ಟೀಸ್ ಪುಟ ಇರುತ್ತದೆ. ಓದಿ, ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಅರ್ಥವಾಗದ್ದನ್ನು ಇಮೇಲ್‌ನಲ್ಲೇ ಕೇಳಿ, ಉತ್ತರ ಬರಹದಲ್ಲಿ ಇರಲಿ.

ಸರ್ಟಿಫಿಕೇಟ್ ಬೇರೆ, ಸರ್ಟಿಫಿಕೇಷನ್ ಬೇರೆ

ಕೋರ್ಸಿಗೆ ಹೋಗಿ ಕೂತು ಮುಗಿಸಿದ್ದಕ್ಕೆ ಸಿಗುವುದು ಸರ್ಟಿಫಿಕೇಟ್. ಅರ್ಹತೆ ತೋರಿಸಿ, ಪರೀಕ್ಷೆ ಪಾಸಾಗಿ, ಆಗಾಗ ನವೀಕರಿಸಬೇಕಾದ್ದು ಸರ್ಟಿಫಿಕೇಷನ್. ಹೆಸರಿನ ಮುಂದೆ ಅಕ್ಷರ ಹಾಕಿಕೊಳ್ಳುವ ಹಕ್ಕು ಬರುವುದು ಎರಡನೆಯದರಿಂದ. ಪರೀಕ್ಷೆ ನಡೆಸುವ ಸಂಸ್ಥೆಗೆ ಎನ್‌ಸಿಸಿಎ ಅಥವಾ ಎಬಿಎಸ್‌ಎನ್‌ಸಿ ಮಾನ್ಯತೆ ಇದೆಯೇ ನೋಡಿ. ಇವೆರಡೂ ಸರ್ಟಿಫಿಕೇಷನ್ ಕೊಡುವವರನ್ನೇ ತೂಗಿ ನೋಡುವ ಸಂಸ್ಥೆಗಳು. ಮಾನ್ಯತೆ ಇಲ್ಲದ್ದೆಲ್ಲ ಮೋಸ ಅಂತಲ್ಲ. ಆದರೆ ದುಡ್ಡು ಜಾಸ್ತಿ ಕೇಳುತ್ತಿದ್ದರೆ ಈ ಪ್ರಶ್ನೆ ಕೇಳಲೇಬೇಕು.

ಇನ್ನೊಂದು ಗುಂಡಿ ಇದೆ. ನರ್ಸಿಂಗ್ ಸರ್ಟಿಫಿಕೇಷನ್‌ಗಳಲ್ಲಿ ಹೆಚ್ಚಿನವು ಆರ್‌ಎನ್‌ಗಳಿಗೆ ಮಾತ್ರ. ಐವಿಯಲ್ಲಿ ಹೆಸರುವಾಸಿಯಾದ ಸಿಆರ್‌ಎನ್‌ಐ ಕೂಡ ಹಾಗೇ. ಹಾಗಾಗಿ ಸಂಸ್ಥೆಯ ಕೈಪಿಡಿ ತೆರೆದ ಕೂಡಲೇ ‘ಅರ್ಹತೆ’ ಅನ್ನುವ ಪುಟಕ್ಕೆ ಹೋಗಿ. ಅಲ್ಲಿ ಎಲ್‌ಪಿಎನ್ ಎಂಬ ಮೂರು ಅಕ್ಷರ ಕಾಣದಿದ್ದರೆ ಮುಚ್ಚಿಬಿಡಿ.

ಕೆಲಸದ ಜಾಗ ನೋಡಿ ಆರಿಸಿ

ಎಲ್‌ಪಿಎನ್‌ಗಳು ಜಾಸ್ತಿ ಕೆಲಸ ಮಾಡುವುದು ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮ್‌ಗಳಲ್ಲಿ. ನಮ್ಮೂರಿನ ನರ್ಸಿಂಗ್ ಹೋಮ್ ಅಂದರೆ ಸಣ್ಣ ಆಸ್ಪತ್ರೆ, ಅಲ್ಲಿ ಹಾಗಲ್ಲ. ತಿಂಗಳು, ವರ್ಷಗಟ್ಟಲೆ ಅಲ್ಲೇ ಇರುವವರ ಮನೆ ಅದು. ಅಲ್ಲಿರುವವರಿಗೆ ನನ್ನ ಮೊದಲ ಸಲಹೆ ಗಾಯದ ಆರೈಕೆ.

ಡಬ್ಲ್ಯೂಸಿಸಿ, ಅಂದರೆ ವೂಂಡ್ ಕೇರ್ ಸರ್ಟಿಫೈಡ್, ಎಲ್‌ಪಿಎನ್‌ಗೂ ತೆರೆದಿದೆ. ಕೊಡುವುದು ನ್ಯಾಷನಲ್ ಅಲಯನ್ಸ್ ಆಫ್ ವೂಂಡ್ ಕೇರ್ ಅಂಡ್ ಆಸ್ಟಮಿ. ಐದು ವರ್ಷಕ್ಕೊಮ್ಮೆ ನವೀಕರಣ. ಪರೀಕ್ಷೆಗೆ ಕೂರುವ ಮೊದಲು ತರಬೇತಿ, ಗಾಯದ ರೋಗಿಗಳನ್ನು ನೋಡಿದ ಅನುಭವ ತೋರಿಸಬೇಕಾಗುತ್ತದೆ. ಗಾಯದ ಆರೈಕೆಯಲ್ಲೇ ಡಬ್ಲ್ಯೂಟಿಎ-ಸಿ ಅಂತಲೂ ಒಂದಿದೆ, ಅದಕ್ಕೂ ಎಲ್‌ಪಿಎನ್ ಅರ್ಜಿ ಹಾಕಬಹುದು. ಆದರೆ ಸಿಡಬ್ಲ್ಯೂಸಿಎನ್ ಅನ್ನುವುದಕ್ಕೆ ಆರ್‌ಎನ್ ಆಗಿರಲೇಬೇಕು. ಹೆಸರು ಹತ್ತಿರ ಹತ್ತಿರ ಇರುವುದರಿಂದ ಗೊಂದಲವಾಗುತ್ತದೆ.

ಈ ಕೆಲಸದ ಬೆಲೆ ಗೊತ್ತಾಗುವುದು ಹಾಸಿಗೆಯ ಪಕ್ಕದಲ್ಲಿ. ಮಲಗಿದಲ್ಲೇ ಇರುವ ಅಜ್ಜಿಯ ಬೆನ್ನ ಕೆಳಗೆ ಒತ್ತಡದ ಹುಣ್ಣಾಗಿದೆ ಅನ್ನಿ. ಕಾಗದದ ಪಟ್ಟಿ ಇಟ್ಟು ತಲೆಯಿಂದ ಕಾಲಿನ ಕಡೆಗೆ ಉದ್ದ, ಅಡ್ಡಕ್ಕೆ ಅಗಲ ಅಳೆಯಬೇಕು. ಒದ್ದೆ ಮಾಡಿದ ಹತ್ತಿ ಕಡ್ಡಿ ಇಳಿಸಿ ಆಳ ನೋಡಬೇಕು. ಚರ್ಮದಡಿ ಹುಣ್ಣು ಒಳಗೊಳಗೇ ಕೊರೆದುಕೊಂಡು ಹೋಗಿದ್ದರೆ ಗಡಿಯಾರದ ಲೆಕ್ಕ: ತಲೆಯ ದಿಕ್ಕು 12 ಗಂಟೆ. ‘3 ಗಂಟೆಯ ದಿಕ್ಕಿಗೆ 2 ಸೆಂ.ಮೀ.’ ಅಂತ ಬರೆದರೆ ಮುಂದಿನ ಶಿಫ್ಟಿನವರಿಗೆ ಹುಣ್ಣು ಕಣ್ಣಿಗೆ ಕಟ್ಟುತ್ತದೆ. ಸ್ಟೇಜ್ 4 (ಎಲ್ಲಕ್ಕಿಂತ ಆಳದ ಹಂತ) ಹುಣ್ಣು ವಾಸಿಯಾಗುತ್ತಾ ಬಂದರೂ ಅದನ್ನು ಸ್ಟೇಜ್ 3 ಅಂತ ಬರೆಯುವ ಹಾಗಿಲ್ಲ, ‘ವಾಸಿಯಾಗುತ್ತಿರುವ ಸ್ಟೇಜ್ 4’ ಅನ್ನಬೇಕು. ಮೇಲೆಲ್ಲ ಹಳದಿ ಸತ್ತ ಪದರ ಮುಚ್ಚಿಕೊಂಡು ತಳ ಕಾಣದಿದ್ದರೆ ಸ್ಟೇಜೇ ಹೇಳುವಂತಿಲ್ಲ. ಇಂಥದ್ದನ್ನು ತಪ್ಪಿಲ್ಲದೆ ಬರೆಯುವ ನರ್ಸ್ ಇದ್ದರೆ ಯಾವ ಮ್ಯಾನೇಜರ್ ಬಿಟ್ಟುಕೊಡುತ್ತಾರೆ? ಹಾಗಂತ ಮೊದಲ ಅಸೆಸ್‌ಮೆಂಟ್ ಹಲವು ರಾಜ್ಯಗಳಲ್ಲಿ ಆರ್‌ಎನ್ ಕೆಲಸವೇ. ಎಲ್‌ಪಿಎನ್ ಮಾಹಿತಿ ಸೇರಿಸಿ ಕೊಡುತ್ತಾರೆ. ಡಬ್ಲ್ಯೂಸಿಸಿ ಬಂದಮೇಲೂ ಈ ಗೆರೆ ಅಲ್ಲೇ ಇರುತ್ತದೆ.

ಬೆನ್ನು, ಮಂಡಿ ಮಾತು ಕೇಳುತ್ತಿಲ್ಲ, ಎತ್ತುವ ಇಳಿಸುವ ಕೆಲಸ ಸಾಕು ಅನ್ನುವವರು ಆರ್‌ಎಸಿ-ಸಿಟಿ ನೋಡಬಹುದು. ಇದು ನರ್ಸಿಂಗ್ ಹೋಮ್‌ನಲ್ಲಿ ಇರುವವರ ಆರೋಗ್ಯ ಸ್ಥಿತಿ ದಾಖಲಿಸುವ ಎಂಡಿಎಸ್ ಅನ್ನುವ ದೊಡ್ಡ ಫಾರಂ ತುಂಬುವವರಿಗೆ. ಸರ್ಕಾರದ ದುಡ್ಡು ಪಡೆಯುವ ನರ್ಸಿಂಗ್ ಹೋಮ್‌ಗಳು ಅಲ್ಲಿ ಇರುವವರೆಲ್ಲರಿಗೂ ಇದನ್ನು ತುಂಬಬೇಕು. 2019ರ ಅಕ್ಟೋಬರ್‌ನಿಂದ ಬಂದ ಪಿಡಿಪಿಎಂ ಎಂಬ ಪಾವತಿ ಪದ್ಧತಿಯಲ್ಲಿ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ಎಷ್ಟು ಕೊಡಬೇಕು ಅನ್ನೋದು ಈ ಫಾರಂ ಮೇಲೇ ನಿಂತಿದೆ. ಅದಕ್ಕೇ ಇದರಲ್ಲಿ ಪಳಗಿದವರಿಗೆ ಬೇಡಿಕೆ. ಪರೀಕ್ಷೆ ಎಎಪಿಎಸಿಎನ್ ಸಂಸ್ಥೆಯದು, ಎರಡು ವರ್ಷಕ್ಕೊಮ್ಮೆ ನವೀಕರಣ.

ಕುರ್ಚಿ ಕೆಲಸ ಅಂತ ಸುಲಭ ಅಂದುಕೊಳ್ಳಬೇಡಿ. ಅದರಲ್ಲಿ ಬಿಮ್ಸ್ ಅನ್ನುವ ನೆನಪಿನ ಪರೀಕ್ಷೆ ಬರುತ್ತದೆ. ‘ಸಾಕ್, ಬ್ಲೂ, ಬೆಡ್’ ಅಂತ ಮೂರು ಮಾತು ಹೇಳಿ, ಅವರಿಂದ ಹೇಳಿಸಬೇಕು. ಆಮೇಲೆ ಇದು ಯಾವ ವರ್ಷ, ಯಾವ ತಿಂಗಳು, ಯಾವ ವಾರ ಅಂತ ಕೇಳಿ, ಮತ್ತೆ ಆ ಮೂರು ಮಾತು ನೆನಪಿದೆಯಾ ನೋಡಬೇಕು. 15ಕ್ಕೆ 13 ಅಥವಾ ಜಾಸ್ತಿ ಬಂದರೆ ತೊಂದರೆಯಿಲ್ಲ. 7 ಅಥವಾ ಕಡಿಮೆ ಬಂದರೆ ನೆನಪು ಬಹಳ ಕುಂದಿದೆ ಅಂತ ಲೆಕ್ಕ. ನಿಮ್ಮ ಉಚ್ಚಾರಣೆ ಅವರಿಗೆ ತಿಳಿಯದೆ ಅಂಕ ಕಡಿಮೆಯಾದರೆ ಅದು ಅವರ ತಪ್ಪಲ್ಲ. ನಿಧಾನವಾಗಿ, ಮುಖ ನೋಡಿ ಹೇಳಬೇಕು. ಫಾರಂ ಎಲ್‌ಪಿಎನ್ ತುಂಬಿದರೂ ಮುಗಿದಿದೆ ಅಂತ ಸಹಿ ಹಾಕುವುದು ಆರ್‌ಎನ್ನೇ. ಫೆಡರಲ್ ನಿಯಮ ಅದು.

ಮರೆವಿನ ಕಾಯಿಲೆಯವರ ವಾರ್ಡಿನಲ್ಲಿದ್ದರೆ ಸಿಡಿಪಿ, ಅಂದರೆ ಸರ್ಟಿಫೈಡ್ ಡಿಮೆನ್ಷಿಯಾ ಪ್ರಾಕ್ಟಿಷನರ್ ಇದೆ. ಡಿಮೆನ್ಷಿಯಾ ಬಗ್ಗೆ ಮಾನ್ಯತೆ ಪಡೆದ ತರಬೇತುದಾರರ ಸೆಮಿನಾರ್ ಮುಗಿಸಿ ಅರ್ಜಿ ಹಾಕಬೇಕು. ಖರ್ಚು, ಸಮಯ ಎರಡೂ ಕಡಿಮೆ. ಎಲ್‌ಪಿಎನ್‌ಗಳದೇ ಹಳೆಯ ಸಂಘ ನ್ಯಾಪ್ನೆಸ್, 1941ರದ್ದು. ಅವರ ಕಡೆಯಿಂದಲೂ ಫಾರ್ಮಕಾಲಜಿ, ದೀರ್ಘಕಾಲದ ಆರೈಕೆ ಮುಂತಾದ ವಿಷಯಗಳಲ್ಲಿ ಸರ್ಟಿಫಿಕೇಷನ್ ಬಂದಿವೆ.

ಡಯಾಲಿಸಿಸ್ ಸೆಂಟರ್‌ನಲ್ಲಿ ಕೆಲಸವಾದರೆ ಕಿಡ್ನಿ ನರ್ಸಿಂಗ್ ಪರೀಕ್ಷೆ ನಡೆಸುವ ಎನ್‌ಎನ್‌ಸಿಸಿ ಅಥವಾ ಬೊನೆಂಟ್ ಸಂಸ್ಥೆಗಳ ಕಡೆ ನೋಡಿ. ಬೊನೆಂಟ್‌ನ ಸಿಎಚ್‌ಎನ್‌ಗೆ (ಸರ್ಟಿಫೈಡ್ ಹೀಮೋಡಯಾಲಿಸಿಸ್ ನರ್ಸ್) ಎಲ್‌ಪಿಎನ್ ಕೂಡ ಅರ್ಹರು, ಆದರೆ ಕಿಡ್ನಿ ರೋಗಿಗಳ ಜೊತೆ ಕೆಲಸ ಮಾಡಿದ ಅನುಭವ ಬೇಕು. ಹೀಗಾಗಿ ಮೊದಲು ಕೆಲಸ, ಆಮೇಲೆ ಪರೀಕ್ಷೆ. ರೋಗಿಯ ತೋಳಿನಲ್ಲಿ ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಮೇಲೆ ಬೆರಳಿಟ್ಟರೆ ಝುಂ ಅನ್ನುವ ಕಂಪನ ಸಿಗಬೇಕು, ಸ್ಟೆತಸ್ಕೋಪ್ ಇಟ್ಟರೆ ಸುಯ್ ಸುಯ್ ಸದ್ದು ಕೇಳಬೇಕು. ಎರಡೂ ಇಲ್ಲದಿದ್ದರೆ ಸೂಜಿ ಚುಚ್ಚದೆ ಆರ್‌ಎನ್‌ಗೆ ಹೇಳಬೇಕು. ಆ ತೋಳಿಗೆ ಬಿಪಿ ಪಟ್ಟಿ ಕಟ್ಟಬಾರದು. ಇದೆಲ್ಲ ಓದಿ ಬರುವುದಲ್ಲ, ಕೈಗೆ ಬರಬೇಕು.

ಜೈಲಿನ ಆರೋಗ್ಯ ಕೇಂದ್ರಗಳಲ್ಲೂ ಎಲ್‌ಪಿಎನ್‌ಗಳಿಗೆ ಕೆಲಸ ಇದೆ, ಅಲ್ಲಿಯವರಿಗೆ ಸಿಸಿಎಚ್‌ಪಿ ಎಂಬ ಸರ್ಟಿಫಿಕೇಷನ್. ಇನ್ನು ಬಿಎಲ್‌ಎಸ್ (ಬೇಸಿಕ್ ಲೈಫ್ ಸಪೋರ್ಟ್, ಸಿಪಿಆರ್ ತರಬೇತಿ) ಕಾರ್ಡ್ ಎಲ್ಲ ಕಡೆಯೂ ಕೇಳುತ್ತಾರೆ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ದು ಎರಡು ವರ್ಷ ನಡೆಯುತ್ತದೆ. ಅದರ ಮುಂದಿನ ಹಂತದ ಎಸಿಎಲ್‌ಎಸ್ ಮಾತ್ರ ಕೆಲಸ ಕೊಡುವವರು ಕೇಳಿದರಷ್ಟೇ ಮಾಡಿ.

ಅರ್ಜಿ ಹಾಕುವಾಗ ಹೆಸರಿನ ಕಾಟ

ಇದು ನಮ್ಮವರಿಗೇ ವಿಶೇಷವಾಗಿ ಹೇಳಬೇಕಾದ ಮಾತು. ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಇನಿಷಿಯಲ್‌ನಲ್ಲಿ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು. ಅಂಥವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದರ್ಥ. ನರ್ಸಿಂಗ್ ಲೈಸೆನ್ಸ್‌ನಲ್ಲಿ ಒಂದು ರೀತಿ, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಇನ್ನೊಂದು ರೀತಿ ಇದ್ದರೆ ಪರೀಕ್ಷೆಯ ದಿನ ಬಾಗಿಲಲ್ಲೇ ವಾಪಸ್ ಕಳಿಸಬಹುದು, ಫೀಸೂ ಹೋಗಬಹುದು. ಅರ್ಜಿ ಹಾಕುವ ಮೊದಲೇ ಗುರುತಿನ ಚೀಟಿ, ನರ್ಸಿಂಗ್ ಲೈಸೆನ್ಸ್, ಅರ್ಜಿ ಮೂರರಲ್ಲೂ ಹೆಸರು ಅಕ್ಷರಕ್ಕಕ್ಷರ ಒಂದೇ ಇದೆಯಾ ನೋಡಿಕೊಳ್ಳಿ.

ಅನುಭವ ಪತ್ರದಲ್ಲಿ ಎಷ್ಟು ಗಂಟೆ ಕೆಲಸ, ಯಾವ ವಿಭಾಗ ಅನ್ನುವುದು ಸ್ಪಷ್ಟವಾಗಿರಲಿ. ಕೆಲಸ ಬಿಟ್ಟಮೇಲೆ ಇದನ್ನು ಕೇಳಿ ಅಲೆಯುವುದು ಕಷ್ಟ. ಕೆಲಸದಲ್ಲಿ ಇರುವಾಗಲೇ ತಗೊಳ್ಳಿ.

ಫೀಸು ಕೈಯಿಂದ ಕಟ್ಟುವ ಮೊದಲು ಎಚ್‌ಆರ್‌ನವರನ್ನು ಕೇಳಿ. ಟ್ಯೂಷನ್ ರಿಇಂಬರ್ಸ್‌ಮೆಂಟ್ ಅಂತ ವಾಪಸ್ ಕೊಡುವ ಕಡೆ ಸಾಕಷ್ಟಿವೆ. ಆದರೆ ಸಹಿ ಹಾಕುವ ಕಾಗದದಲ್ಲಿ ‘ಇಷ್ಟು ಕಾಲ ಬಿಟ್ಟು ಹೋಗುವಂತಿಲ್ಲ, ಹೋದರೆ ಹಣ ಕಟ್ಟಬೇಕು’ ಎಂಬ ಸಾಲು ಇರಬಹುದು. ಜೊತೆಗೇ ಇನ್ನೊಂದು ಪ್ರಶ್ನೆ ಕೇಳಿ: ಪಾಸಾದರೆ ಗಂಟೆಗೆ ಎಷ್ಟು ಏರಿಸುತ್ತೀರಿ? ‘ನೋಡೋಣ’ ಅಂದರೆ ಏನೂ ಇಲ್ಲ ಅಂತಲೇ ತಿಳಿದುಕೊಳ್ಳಿ.

ಆರ್‌ಎನ್ ಆಗುವ ಯೋಚನೆ ಇದ್ದರೆ

ಒಂದೆರಡು ವರ್ಷದಲ್ಲಿ ಬ್ರಿಡ್ಜ್ ಕೋರ್ಸ್ ಸೇರಿ ಆರ್‌ಎನ್ ಆಗಬೇಕು ಅನ್ನುವವರು ಬಿಎಲ್‌ಎಸ್, ರಾಜ್ಯಕ್ಕೆ ಬೇಕಾದ ಐವಿ ತರಬೇತಿ, ಇವೆರಡರಲ್ಲೇ ನಿಲ್ಲಿಸಿ. ಉಳಿದ ದುಡ್ಡು ಅನಾಟಮಿ, ಮೈಕ್ರೋಬಯಾಲಜಿ ಕ್ರೆಡಿಟ್‌ಗಳಿಗೆ ಹಾಕಿ. ಸರ್ಟಿಫಿಕೇಷನ್ ಎಷ್ಟಿದ್ದರೂ ಕಾಲೇಜಿನಲ್ಲಿ ಅವು ಸಾಮಾನ್ಯವಾಗಿ ಕ್ರೆಡಿಟ್ ಆಗುವುದಿಲ್ಲ. ಎಲ್‌ಪಿಎನ್ ಆಗಿಯೇ ಮುಂದುವರಿಯುವವರಿಗೆ ಮಾತ್ರ ಡಬ್ಲ್ಯೂಸಿಸಿ, ಆರ್‌ಎಸಿ-ಸಿಟಿ ಥರದವು ಹಾಕಿದ ದುಡ್ಡನ್ನು ವಾಪಸ್ ತರುತ್ತವೆ ಅನ್ನುವುದು ನನ್ನ ಅಭಿಪ್ರಾಯ.

ಸಿಕ್ಕ ಮೇಲೆ

ಹೆಸರು ಬರೆಯುವಾಗ ಮೊದಲು ಲೈಸೆನ್ಸ್, ಆಮೇಲೆ ಸರ್ಟಿಫಿಕೇಷನ್: ಎಲ್‌ಪಿಎನ್, ಡಬ್ಲ್ಯೂಸಿಸಿ. ನವೀಕರಣದ ತಾರೀಖನ್ನು ಫೋನ್ ಕ್ಯಾಲೆಂಡರ್‌ಗೆ ಹಾಕಿ. ಲೈಸೆನ್ಸ್‌ಗೂ ಪ್ರತ್ಯೇಕ ಲೆಕ್ಕ ಇದೆ; ಎರಡು ವರ್ಷಕ್ಕೆ ಕ್ಯಾಲಿಫೋರ್ನಿಯಾದಲ್ಲಿ 30 ಗಂಟೆ, ಟೆಕ್ಸಸ್‌ನಲ್ಲಿ 20 ಗಂಟೆ ಮುಂದುವರಿದ ಶಿಕ್ಷಣ ಬೇಕು. ಸರ್ಟಿಫಿಕೇಷನ್‌ಗೆ ಮಾಡಿದ ಗಂಟೆಗಳು ಇದಕ್ಕೂ ಆಗುತ್ತವೆಯಾ ಅಂತ ಬೋರ್ಡನ್ನು ಕೇಳಿ, ಆಗುವುದಾದರೆ ಒಂದೇ ಕಲ್ಲಿಗೆ ಎರಡು ಹಕ್ಕಿ.

ಊರು ಬದಲಿಸುವವರಿಗೆ ಒಂದು ಮಾತು. ಕಾಂಪ್ಯಾಕ್ಟ್, ಅಂದರೆ ರಾಜ್ಯಗಳ ನಡುವಿನ ಒಪ್ಪಂದದ ಲೈಸೆನ್ಸ್ ಇದ್ದರೆ ಅದರಲ್ಲಿ ಸೇರಿದ ಬೇರೆ ರಾಜ್ಯಗಳಲ್ಲೂ ಕೆಲಸ ಮಾಡಬಹುದು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಅದರಲ್ಲಿಲ್ಲ. ಟೆಕ್ಸಸ್, ಫ್ಲೋರಿಡಾ ಇವೆ. ಆದರೆ ಟೆಕ್ಸಸ್ ಲೈಸೆನ್ಸ್ ಹಿಡಿದು ಫ್ಲೋರಿಡಾದಲ್ಲಿ ಶಿಫ್ಟ್ ಮಾಡುವಾಗ ನಡೆಯುವುದು ಫ್ಲೋರಿಡಾದ ನಿಯಮ, ರೋಗಿ ಇರುವ ರಾಜ್ಯದ್ದು. ಹೊಸ ಜಾಗದ ಮೊದಲ ಶಿಫ್ಟಿಗೆ ಮುಂಚೆ ಅಲ್ಲಿನ ಬೋರ್ಡಿನ ಐವಿ ಪುಟ ಮತ್ತೆ ಓದಿ, ತರಬೇತಿಯ ಕಾಗದದ ಒಂದು ಪ್ರತಿಯನ್ನು ಸೂಪರ್‌ವೈಸರ್‌ಗೆ ಕೊಟ್ಟಿರಿ.