ಹಳೇ ಕಾರಿನಲ್ಲಿ ಪೆಟ್ರೋಲ್ ವಾಸನೆ, ಬಂಕ್‌ನಲ್ಲಿ ಪದೇ ಪದೇ ನಿಲ್ಲುವ ಗನ್: ಎಲ್ಲಿ ಹುಡುಕಬೇಕು?

ಬಂಕ್‌ನಲ್ಲಿ ಪೆಟ್ರೋಲ್ ಹಾಕುವ ಗನ್ ಇಟ್ಟ ಕೂಡಲೇ ಟಕ್ ಎಂದು ನಿಲ್ಲುತ್ತದೆ. ಮತ್ತೆ ಒತ್ತಿದರೆ ಮತ್ತೆ ಟಕ್. ಮೊದಲು ಬೇರೆ ಬಂಕ್‌ನಲ್ಲಿ ಹಾಕಿಸಿ ನೋಡಿ. ಅಲ್ಲೂ ಹಾಗೇ ಆದರೆ ದೋಷ ಕಾರಿನದ್ದೇ.

ಪೆಟ್ರೋಲ್ ಒಳಗೆ ಹೋಗಬೇಕಾದರೆ ಟ್ಯಾಂಕಿನ ಗಾಳಿ ಹೊರಗೆ ಬರಬೇಕು, ಅಲ್ವಾ? ಅದಕ್ಕೆಂದೇ ದಪ್ಪ ಪೈಪಿನ ಜೊತೆ ಸಣ್ಣದೊಂದು ಬ್ರೀದರ್ ಪೈಪ್ ಇರುತ್ತದೆ. ಅದು ಕಟ್ಟಿಕೊಂಡರೆ ಪೆಟ್ರೋಲ್ ಬಾಯಿವರೆಗೆ ಉಕ್ಕಿ ಗನ್ನಿನ ತುದಿಯ ತೂತನ್ನು ಮುಚ್ಚುತ್ತದೆ, ಗನ್ ನಿಲ್ಲುತ್ತದೆ. ಶಿರಸಿ ಕಡೆ ತೋಟದ ದಾರಿಯ ಕೆಸರು ಈ ಪೈಪುಗಳು ಹಾದುಹೋಗುವ ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಮೆತ್ತಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಾದರೆ ಪೈಪಿನೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರಲೂಬಹುದು. ಪೈಪ್ ಮಡಚಿಕೊಂಡಿದೆಯೇ ಎಂದೂ ನೋಡಿ.

ವಾಸನೆಯ ವಿಷಯಕ್ಕೆ ಬಂದರೆ, ಅದು ಯಾವಾಗ, ಎಲ್ಲಿಂದ ಬರುತ್ತದೆ ಎಂಬುದೇ ದೊಡ್ಡ ಸುಳಿವು. ಬಾನೆಟ್ ಕಡೆಯಿಂದ ಬಂದರೆ ತಕ್ಷಣ ಎಂಜಿನ್ ಆಫ್ ಮಾಡಿ, ಮೆಕ್ಯಾನಿಕ್‌ರನ್ನೇ ಕರೆಸಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಹನಿ ಬಿದ್ದರೆ ಬೆಂಕಿ ಹತ್ತಬಹುದು. ಫುಲ್ ಟ್ಯಾಂಕ್ ಮಾಡಿಸಿ ದೇವಿಮನೆ ಘಟ್ಟ ಹತ್ತುವಾಗ ಮಾತ್ರ ಬಂದು, ಅರ್ಧ ಖಾಲಿಯಾದ ಮೇಲೆ ನಿಂತರೆ ಸೋರುವುದು ಟ್ಯಾಂಕಿನ ಮೇಲ್ಭಾಗದಲ್ಲಿ. ಪೈಪ್ ಸೇರುವ ಜಾಗದ ಕ್ಲಾಂಪ್ ನೋಡಿ. ಎಷ್ಟೋ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೆ ಫ್ಯೂಯಲ್ ಪಂಪ್ ಇರುತ್ತದೆ, ಅದರ ರಬ್ಬರ್ ಸೀಲ್ ಒಣಗಿ ಬಿರಿದಿರಬಹುದು.

ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ವಾಷರ್ ಬಿರುಕು ಬಿಟ್ಟಿದ್ದರೆ ಬದಲಿಸಿ, ಕಡಿಮೆ ದುಡ್ಡಿನ ಕೆಲಸ. ಕಾರವಾರ, ಅಂಕೋಲಾದವರು ಮಾತ್ರ ಪೆಟ್ರೋಲ್ ಹಾಕುವ ಕಬ್ಬಿಣದ ಪೈಪನ್ನು ಮರೆಯಬೇಡಿ. ಕೆಸರು ತೊಳೆದು ನೋಡಿದರೆ ಉಪ್ಪುಗಾಳಿಗೆ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿರುತ್ತದೆ. ಅದಕ್ಕೆ ಎಂ-ಸೀಲ್ ಮೆತ್ತಿ ಸುಮ್ಮನಾಗಬೇಡಿ, ಪೈಪನ್ನೇ ಬದಲಿಸಿ. ರಬ್ಬರ್ ಪೈಪಿನ ಬದಲು ತೋಟದ ನೀರಿನ ಪೈಪ್ ತುಂಡು ಹಾಕುವುದಂತೂ ಬೇಡವೇ ಬೇಡ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಅದಕ್ಕೆ ಬೇಗ ಹಾಳಾಗಬಹುದು. ಇ20ಗೆ ಆಗುವ ಫ್ಯೂಯಲ್ ಪೈಪನ್ನೇ ಕೇಳಿ ತನ್ನಿ.

ಇದನ್ನೆಲ್ಲ ನೋಡುವುದು ಎಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮುಚ್ಚಿದ ಶೆಡ್ಡಿನಲ್ಲಿ ನೆಲದ ಮೇಲೇ ನಿಲ್ಲುತ್ತದೆ. ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು.

ರಿಪೇರಿಯಾದ ಮೇಲೆ ಗನ್ ತಾನಾಗಿ ನಿಂತ ಕೂಡಲೇ ಸಾಕು ಅನ್ನಿ. ರೌಂಡ್ ಫಿಗರ್ ಮಾಡಲು ಹೋಗಿ ಕತ್ತಿನವರೆಗೆ ತುಂಬಿಸಿದರೆ ಪೆಟ್ರೋಲ್, ಟ್ಯಾಂಕಿನ ಆವಿಯನ್ನು ಹೀರಿಕೊಳ್ಳುವ ಇದ್ದಿಲಿನ ಡಬ್ಬಿಗೆ (ಕ್ಯಾನಿಸ್ಟರ್) ನುಗ್ಗಿ ಅದು ಕೆಡಬಹುದು. ಆಮೇಲೆ ವಾಸನೆ ಮತ್ತೆ ಶುರು.