ಸಿಮ್ ಕೇರಳದ್ದು, ಮಾತು ಕನ್ನಡದ್ದು: ಕಾಸರಗೋಡಿನಲ್ಲಿ ನನ್ನ ಅನುಭವ

ಕಾಸರಗೋಡಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತಾ ಬಂದವನು ನಾನು. ಸಂಶೋಧನೆಗೆ ವಿಷಯ ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿತು. ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಮನೆಮಾತು ತುಳುವೋ ಹವ್ಯಕವೋ ಕೊಂಕಣಿಯೋ ಇರಬಹುದು, ಆದರೆ ಎಷ್ಟೋ ಜನ ಶಾಲೆಯಲ್ಲಿ ಓದಿದ್ದು ಕನ್ನಡ. ಫೋನಿನ ಸೇವೆಗಳಿಗೆ ಇದೆಲ್ಲ ಗೊತ್ತಿಲ್ಲ. ಸಿಮ್ ಕೇರಳ ಸರ್ಕಲ್‌ನದ್ದು, ಅಂದರೆ ಕೇರಳದ ದೂರಸಂಪರ್ಕ ವಲಯದ್ದು, ಹಾಗಾಗಿ ಕೇಳಿಸುವುದು ಮಲಯಾಳ. ಕನ್ನಡಕ್ಕೆ ಯಾವ ನಂಬರ್ ಒತ್ತಬೇಕು ಅಂತ ಹೇಳುವುದೇ ಇಲ್ಲ. ನನಗೆ ಮಲಯಾಳದ ಮೇಲೆ ಬೇಸರವಿಲ್ಲ, ದಿನಾ ಆಡುತ್ತೇವೆ. ಆದರೆ ಪಿಂಚಣಿ, ಔಷಧಿಯ ವಿಚಾರ ಅರ್ಧಂಬರ್ಧ ಅರ್ಥವಾದರೆ ಸಾಕಾಗುವುದಿಲ್ಲ, ಅಲ್ವಾ?

ಮೊದಲು ಕೈಹಾಕಿದ್ದು ಕಣ್ಣು ಕಾಣದ ಮಕ್ಕಳ ನೋಟ್ಸ್‌ಗೆ. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಧ್ವನಿ ಸ್ವಲ್ಪ ಒರಟು, ಆದರೆ ಕಿವಿ ಬೇಗ ಒಗ್ಗುತ್ತದೆ. ತೊಡಕು ಇದ್ದದ್ದು ಫೈಲುಗಳಲ್ಲಿ. ಮೇಷ್ಟ್ರುಗಳು ವರ್ಷಗಟ್ಟಲೆ ಟೈಪ್ ಮಾಡಿಟ್ಟದ್ದು ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ, ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅಲ್ಲ. ಕಣ್ಣಿಗೆ ಕನ್ನಡ, ಒಳಗೆ ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ರೀಡರ್ ಅದನ್ನೇ ಓದುತ್ತದೆ, ಮಗು ಏನು ಮಾಡಬೇಕು?

ಹಳೇ ಫಾಂಟಿನದನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕ ಬರೆಯಲು ಕೂತೆವು. 'ಕರ್ನಾಟಕ' ನೋಡಿ. ಹಳೇ ಫಾಂಟಿನಲ್ಲಿ ಕಣ್ಣಿಗೆ ಕಂಡ ಹಾಗೇ ಇರುತ್ತದೆ: ಮೊದಲು 'ಕ', ಆಮೇಲೆ 'ನಾ', ಅದಾದ ಮೇಲೆ ಅರ್ಕಾವೊತ್ತು. ಯೂನಿಕೋಡ್ ಬಾಯಲ್ಲಿ ಹೇಳುವ ಕ್ರಮ ಕೇಳುತ್ತದೆ: ರ, ಹಲಂತ, ನ, ದೀರ್ಘ. ಅಂದರೆ ಅರ್ಕಾವೊತ್ತು ಸಿಕ್ಕ ಕೂಡಲೇ ಪ್ರೋಗ್ರಾಂ ಹಿಂದಕ್ಕೆ ಹೋಗಿ, ಗುಣಿತ ಒತ್ತು ಸಮೇತ ಇಡೀ ಅಕ್ಷರ ದಾಟಿ, ಅದಕ್ಕಿಂತ ಮೊದಲು ರಕಾರ, ಹಲಂತ ಇಡಬೇಕು. ನಡುವೆ ನಿಜವಾದ ಇಂಗ್ಲಿಷ್ ಪದ ಬಂದರೆ ಅದನ್ನು ಮುಟ್ಟಬಾರದು, ಹಾಗಾಗಿ ಯಾವ ತುಂಡು ಯಾವ ಫಾಂಟಿನಲ್ಲಿದೆ ಎಂದು ಮೊದಲೇ ನೋಡಿಕೊಳ್ಳಬೇಕು. ಪರೀಕ್ಷಿಸಿದ್ದು ಆ ಮಕ್ಕಳೇ. ನಮ್ಮ ಕಣ್ಣಿಗೆ ದಾಟಿಹೋದ ತಪ್ಪು ಅವರ ಕಿವಿಗೆ ತಕ್ಷಣ ಸಿಗುತ್ತಿತ್ತು.

ಆಮೇಲೆ ಅಡಿಕೆಯವರಿಗೆ ಫೋನ್ ಸೇವೆ. ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಕರೆ ಬಂದು ಕನ್ನಡದಲ್ಲಿ ಮಾತಾಡುತ್ತದೆ, ಕೀಪ್ಯಾಡ್ ಫೋನ್ ಸಾಕು. ಕೊಳೆರೋಗಕ್ಕೆ ಮದ್ದು ಬಿಡುವ ಹೊತ್ತು, ಬೋರ್ಡೋ ದ್ರಾವಣದ ಅಳತೆ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಇಷ್ಟೇ ವಿಷಯ. ಧ್ವನಿ ಊರಿನ ಕೃಷಿಕರದ್ದೇ, ರೇಡಿಯೋದವರ ಕನ್ನಡ ಬೇಡ ಅಂತ ನಾನೇ ಹಠ ಹಿಡಿದೆ. ಪಕ್ಕದ ತೋಟದವರು ಹೇಳಿದ್ದನ್ನು ಜನ ನಂಬುತ್ತಾರೆ.

ನಮ್ಮಂಥ ಮೇಷ್ಟ್ರುಗಳ ಬಡ್ತಿಗೆ ಲೆಕ್ಕ ಹಿಡಿಯುವುದು ಸಂಶೋಧನಾ ಪೇಪರುಗಳನ್ನು, ಹತ್ತು ವರ್ಷ ಕೆಡದೆ ನಡೆಯುವ ಸಾಫ್ಟ್‌ವೇರನ್ನಲ್ಲ. ಇದು ಸರಿಯಲ್ಲ ಅಂತ ಸಭೆಗಳಲ್ಲೂ ಹೇಳಿದ್ದೇನೆ. ಈ ಕೆಲಸಕ್ಕೆ ಬರುವ ಕಿರಿಯರಿಗೆ ನಾನು ಹೇಳುವುದು ಒಂದೇ, ಭಾಷೆ ಯಾವುದು ಅಂತ ಬಳಸುವವರನ್ನೇ ಕೇಳಿ, ಸಿಮ್ಮನ್ನು ಕೇಳಬೇಡಿ. ಈಗ ನಾವು ಇಲ್ಲಿನ ಹಿರಿಯರ ಮಾತನ್ನು ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡುತ್ತಿದ್ದೇವೆ, ಫೋನಿಗೆ ಕಾಸರಗೋಡಿನ ಕನ್ನಡ ಅರ್ಥವಾಗಲಿ ಅಂತ.